ಬೋನಾಳದ ಮೀನಮರಿ ಮತ್ತು ನಾಲ್ಕು ಶಾಕಬ್ಸರ್

ಸರ್ಕಾರಿ ಜೀಪಿನ ಸ್ಟಿಯರಿಂಗ್ ಹಿಡಿಯಲು ಹೊರಟ ಹುಡುಗರು ನನ್ನನ್ನು ಕಂಡಾಗ ಕೇಳುವುದು ಒಂದೇ ಮಾತು: ಎಷ್ಟು ಜೋರಾಗಿ ಓಡಿಸುತ್ತಿದ್ದಿರಿ? ಜೋರಿನ ಮಾತು ಆಮೇಲೆ, ಮೊದಲು ಗಾಡಿಯ ಮುಂದೆ ಹೋಗಿ ಬಂಪರ್ ಒತ್ತಿ ನೋಡಿ ಅನ್ನುತ್ತೇನೆ ನಾನು. ಎರಡೂ ಕೈಯಿಂದ ಮೈಭಾರ ಹಾಕಿ ಒತ್ತಿ, ಥಟ್ಟನೆ ಬಿಡಿ. ಗಾಡಿ ಒಮ್ಮೆ ಕುಳಿತು, ಎದ್ದು, ಸುಮ್ಮನೆ ನಿಂತರೆ ಎಲ್ಲ ಸರಿಯಾಗಿದೆ. ಎದ್ದ ಮೇಲೂ ತೊಟ್ಟಿಲಿನ ಹಾಗೆ ತೂಗುತ್ತಲೇ ಇದ್ದರೆ ಅದರ ಶಾಕಬ್ಸರ್ ಸತ್ತಿದೆ ಎಂದು ತಿಳಿಯಿರಿ.

ಪುಸ್ತಕದಲ್ಲಿ ಇದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ನಮ್ಮ ಬಾಯಲ್ಲಿ ಅದು ಶಾಕಬ್ಸರ್. ಚಕ್ರದ ಮೇಲಿನ ಕಮಾನು ಪಟ್ಟಿ ಕುಣಿಯುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಎಣ್ಣೆ ತುಂಬಿದ ಈ ಗೇಣುದ್ದದ ಕೊಳವೆ. ಯಾದಗಿರಿ, ಶಹಾಪುರ, ಸುರಪುರದ ಕಲ್ಲುದಾರಿಯಲ್ಲಿ ಒಂದು ಆಯುಷ್ಯ ಕಳೆದವನು ನಾನು. ನನ್ನ ನೌಕರಿಯಲ್ಲಿ ಬಡ್ತಿ, ವರ್ಗಾವಣೆ ಎಲ್ಲ ಬಂದು ಹೋದವು. ಅವುಗಳ ಸುದ್ದಿ ಬೇಡ. ಈ ಕೊಳವೆಯ ಸುದ್ದಿ ಹೇಳುತ್ತೇನೆ, ಕೇಳಿ. ಈಗ ನೆನೆದರೂ ನನ್ನ ಕೈ ಸುಮ್ಮನಿರುವುದಿಲ್ಲ.

ಬಂಪರ್ ಒತ್ತುವುದನ್ನು ನನಗೆ ಕಲಿಸಿದವರು ಉಸ್ತಾದ್ ಕರೀಂ ಸಾಬರು. ನಿಜಾಮರ ಆಳ್ವಿಕೆ ಮುಗಿದ ಹೊಸತರಲ್ಲಿ ಮಿಲಿಟರಿಯವರು ಬೇಡವೆಂದು ಬಿಟ್ಟ ಒಂದು ಜೀಪು ನಮ್ಮ ಸುರಪುರದ ಕಚೇರಿಗೆ ಬಂತು. ಸ್ಟಿಯರಿಂಗ್ ಎಡಗಡೆ, ಬಾಗಿಲೇ ಇಲ್ಲ, ಹಸಿರು ಬಣ್ಣದ ಮೇಲೆ ಯಾರೋ ಬಿಳಿ ಬಣ್ಣ ಬಳಿದು ಅರ್ಧಕ್ಕೆ ಬಿಟ್ಟಿದ್ದರು. ಉಸ್ತಾದರು ಅದನ್ನು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದೆ. ಬೆಳಿಗ್ಗೆ ಎಂಜಿನ್ ಮುಟ್ಟುವ ಮೊದಲು ಅವರು ಬಂಪರಿಗೆ ಕೈಯಿಟ್ಟು ಒತ್ತುತ್ತಿದ್ದರು, ದೊಡ್ಡವರಿಗೆ ಸಲಾಮು ಮಾಡಿದ ಹಾಗೆ.

ಅಂಥ ಉಸ್ತಾದರೂ ಒಮ್ಮೆ ಎಡವಿದರು. ಒಂದು ಶಾಕಬ್ಸರಿನ ಎಣ್ಣೆ ಸೋರಿ ಖಾಲಿಯಾಯಿತು. ಆಗಿನ ಶಾಕಬ್ಸರಿನ ತಲೆ ಬಿಚ್ಚಿ ಎಣ್ಣೆ ತುಂಬಲು ಬರುತ್ತಿತ್ತು. ಸರಿಯಾದ ಎಣ್ಣೆ ಗುಲಬರ್ಗಾದಲ್ಲೂ ಇಲ್ಲ. ಉಸ್ತಾದರು ಯೋಚಿಸಿ, ಎಣ್ಣೆ ಅಂದರೆ ಎಣ್ಣೆಯೇ ಅಲ್ಲವೇ ಅಂದು, ಗಾಣದಿಂದ ಕುಸುಬಿ ಎಣ್ಣೆ ತರಿಸಿ ತುಂಬಿಬಿಟ್ಟರು. ಮೊದಮೊದಲು ಏನು ಸುಖ! ಹಾಸಿಗೆಯ ಮೇಲೆ ಕುಳಿತಂತೆ ಓಡಾಡಿದೆವು. ಬಿಸಿಲೇರಿದ ಹಾಗೆ ಎಣ್ಣೆ ಕಾದು ಸೋರಿ ಸೈಲೆನ್ಸರ್ ಮೇಲೆ ಹನಿಯತೊಡಗಿತು. ಕೆಂಭಾವಿ ಸಂತೆಯಲ್ಲಿ ನಾವು ಇಳಿದಾಗ ಜನ ನಮ್ಮ ಸುತ್ತ ಮೂಗೆತ್ತಿ ನೋಡುತ್ತ, ಬಜಿ ಎಲ್ಲಿ ಕರಿಯಾಕತ್ತಾರ ಎಂದು ಕೇಳುವವರೇ. ಉಳಿದ ಎಣ್ಣೆ ಒಳಗೇ ಗಟ್ಟಿಯಾಗಿ ಅಂಟಾಯಿತು, ಕೊಳವೆ ಒನಕೆಯಂತೆ ಬಿಗಿದುಕೊಂಡಿತು. ಅಲ್ಲಿಂದ ಮುಂದೆ ಆ ಮೂಲೆ ಎತ್ತಿನ ಬಂಡಿಯೇ ಸರಿ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಮೇಣವಾಗುತ್ತದೆ ಎಂಬುದು ನಮ್ಮ ಸೀಮೆಯ ಪ್ರತಿ ಅಡುಗೆಮನೆಗೂ ಗೊತ್ತು. ನಾವಿಬ್ಬರೂ ಅಡುಗೆಮನೆಗೆ ಹೋದವರಲ್ಲ.

ಉಸ್ತಾದರು ನಿವೃತ್ತರಾದರು, ಜೀಪು ನನ್ನ ಕೈಗೆ ಬಂತು. ಅಷ್ಟರಲ್ಲಿ ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಉರ್ದುವಿನಲ್ಲಿದ್ದ ಕಾಗದಗಳು ಕನ್ನಡಕ್ಕೆ ತಿರುಗಿದವು, ಮೈಸೂರು ಕಡೆಯಿಂದ ನಂಜುಂಡಯ್ಯ ಎಂಬ ಸಾಹೇಬರು ಬಂದರು. ಕೆರೆಗಳಲ್ಲಿ ಮೀನು ಬೆಳೆಸುವ ಕೆಲಸ ಅವರದು. ಎಳೆ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಮೆಲ್ಲನೆಯ ಮಾತು. ನಾವು ಸಹಜವಾಗಿ ಮಾತಾಡಿದರೂ ಅವರಿಗೆ ಜಗಳವಾಡಿದಂತೆ ಕೇಳಿಸುತ್ತಿತ್ತು. ನಾನೊಮ್ಮೆ ಕೂಡ್ರಿ ಅಂದದ್ದಕ್ಕೆ ಬೆಚ್ಚಿ ಕುಳಿತಿದ್ದರು. ಆದರೆ ಕೆಲಸದ ಹುಚ್ಚು ಅವರಿಗೂ ಇತ್ತು, ನನಗೂ ಇತ್ತು. ಹಾಗಾಗಿ ಬೇಗ ಹೊಂದಿಕೊಂಡೆವು.

ಅವರ ಜೊತೆಗೇ ನನಗೆ ಭೀಮಣ್ಣ ಸಿಕ್ಕ. ಸುರಪುರದ ಬಳಿಯ ಬೋನಾಳದ ಅಂಬಿಗ, ಅಲ್ಲಿಯ ಕೆರೆಯಲ್ಲಿ ಹರಿಗೋಲು ಹಾಕಿ ಬಲೆ ಬೀಸುವವನು. ಹಿಂದಿನಿಂದ ಬಂದ ರೂಢಿ ಹೇಗಿತ್ತೆಂದರೆ, ಕೆರೆಯ ಮೀನೆಲ್ಲ ಹರಾಜು ಹಿಡಿದ ಗುತ್ತೇದಾರನದು. ಅಂಬಿಗರು ಹಿಡಿದು ಕೊಡುವವರು ಮಾತ್ರ. ಹಿಡಿದ ಮೀನನ್ನು ಭೀಮಣ್ಣನ ಹೆಂಡತಿ ಮನೆಗೆ ಒಯ್ಯಬೇಕಾದರೂ ಗುತ್ತೇದಾರನ ಆಳಿನ ಮುಂದೆ ಬುಟ್ಟಿ ತೆರೆದು ತೋರಿಸಬೇಕಿತ್ತು. ಸಾಹೇಬರು ಮೇಲಿನವರನ್ನು ಕಾಡಿ ಬೇಡಿ ಒಂದು ಮಾತು ಮಾಡಿಕೊಂಡು ಬಂದಿದ್ದರು. ಈ ಮಳೆಗಾಲದಲ್ಲಿ ಕೆರೆಗೆ ಒಳ್ಳೆಯ ಜಾತಿಯ ಮೀನಮರಿ ಬಿಡುವುದು. ಅವು ಬೆಳೆದು ಬಲೆಗೆ ಬಿದ್ದರೆ ಕೆರೆ ಅಂಬಿಗರ ಕೈಯಲ್ಲೇ ಉಳಿಯುವುದು. ಬೀಳದಿದ್ದರೆ ಮತ್ತೆ ಹರಾಜು.

ಮೀನಮರಿ ದೂರದ ನಾಡಿನಿಂದ ಮಣ್ಣಿನ ಗಡಿಗೆಗಳಲ್ಲಿ ರೈಲಿನಲ್ಲಿ ಯಾದಗಿರಿಗೆ ಬರುತ್ತಿದ್ದವು. ಅಲ್ಲಿಂದ ಬೋನಾಳದವರೆಗೆ ತರುವ ಹೊಣೆ ನನ್ನದು. ಮಳೆಗಾಲದ ಶುರುವಿಗೆ ಬಂದ ಮೊದಲ ಕಂತಿನ ಗತಿ ಏನಾಯಿತೆಂದು ಹೇಳಲು ಇಂದಿಗೂ ಸಂಕಟವಾಗುತ್ತದೆ. ನಾಲ್ಕೂ ಶಾಕಬ್ಸರ್ ಅಷ್ಟೊತ್ತಿಗೆ ಕೈಕೊಟ್ಟಿದ್ದವು. ಜೀಪು ಒಂದು ಕಲ್ಲಿಗೆ ಹಾರಿದರೆ ಮುಂದಿನ ಕಲ್ಲಿನವರೆಗೂ ಕುಣಿಯುತ್ತಿತ್ತು. ಗಡಿಗೆಗಳು ಒಂದಕ್ಕೊಂದು ಬಡಿದು ಒಡೆದವು, ಒಡೆಯದವು ನೀರು ಚೆಲ್ಲಿ ಬರಿದಾದವು. ಭೀಮಣ್ಣ ಒಂದು ಗಡಿಗೆಯನ್ನು ತೊಡೆಯ ಮೇಲಿಟ್ಟು ತಬ್ಬಿಕೊಂಡು ಕೂತಿದ್ದ, ಅದೊಂದೇ ಉಳಿಯಿತು. ಅದರೊಳಗಿನ ಹಿಡಿಯಷ್ಟು ಮರಿಗಳನ್ನು ಅಷ್ಟು ದೊಡ್ಡ ಕೆರೆಗೆ ಬಿಡುವಾಗ ಭೀಮಣ್ಣ ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ.

ಇನ್ನೊಂದೇ ಕಂತು ಬರುವುದಿತ್ತು. ಅದಾದ ಮೇಲೆ ಹಂಗಾಮು ಮುಗಿಯುತ್ತಿತ್ತು.

ಹೊಸ ಶಾಕಬ್ಸರಿಗೆ ಬರೆದೆವು. ಹೈದರಾಬಾದಿನವರು, ನೀವೀಗ ನಮ್ಮವರಲ್ಲ, ಬೆಂಗಳೂರಿಗೆ ಕೇಳಿ ಅಂದರು. ಬೆಂಗಳೂರಿನವರು, ಇಂಥದೊಂದು ಜೀಪು ನಮ್ಮ ರಾಜ್ಯದಲ್ಲಿ ಇದೆಯೆಂಬುದೇ ನಮಗೆ ಗೊತ್ತಿಲ್ಲ ಅಂದರು. ರಾಜ್ಯ ಒಂದಾದರೂ ನನ್ನ ಜೀಪು ಮಾತ್ರ ಎಲ್ಲಿಗೂ ಸೇರದೆ ನಡುವೆ ನಿಂತಿತ್ತು. ಸಾಹೇಬರು ಕೊನೆಗೆ ಬೆಂಗಳೂರಿನ ತಮ್ಮ ಗೆಳೆಯರ ಬೆನ್ನುಹತ್ತಿ ಹೇಗೋ ತರಿಸಿದರು. ಪೆಟ್ಟಿಗೆ ಬಸ್ಸಿನಲ್ಲಿ ಸುರಪುರಕ್ಕೆ ಬಂದು ಇಳಿದದ್ದೂ, ನಾಳೆ ಬೆಳಗಿನ ರೈಲಿಗೆ ಮೀನಮರಿ ಬರುತ್ತವೆ ಎಂಬ ತಂತಿ ಬಂದದ್ದೂ ಒಂದೇ ದಿನ. ಗುಲಬರ್ಗಾದ ವರ್ಕ್‌ಶಾಪಿಗೆ ಹೋಗಿ ಬರುವಷ್ಟು ಹೊತ್ತೆಲ್ಲಿ? ಪೆಟ್ಟಿಗೆಯನ್ನು ಎತ್ತಿಕೊಂಡು ಜೀಪನ್ನು ಸೀದಾ ರಂಗಂಪೇಟೆಯ ನನ್ನ ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದೆ.

ಹುಡುಗರೇ, ಇಲ್ಲಿ ಸ್ವಲ್ಪ ಗಮನವಿಡಿ. ಕಮಾನು ಪಟ್ಟಿಯ ಜೀಪಿಗೆ ಈ ಕೆಲಸಕ್ಕೆ ಜಾಕ್ ಹಾಕಿ ಎತ್ತುವ ಹಂಗಿಲ್ಲ. ಗಾಡಿ ತನ್ನ ಕಾಲ ಮೇಲೇ ನಿಂತಿರಲಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ, ಕೆಳಗೆ ನುಸುಳಿ. ಶಾಕಬ್ಸರಿನ ಮೇಲೊಂದು ಕಣ್ಣು, ಕೆಳಗೊಂದು ಕಣ್ಣು, ಅಂದರೆ ಕಬ್ಬಿಣದ ಬಳೆ. ಎರಡನ್ನೂ ಎರಡು ಗೂಟಕ್ಕೆ ಸಿಕ್ಕಿಸಿ ವಾಶರ್ ಹಾಕಿ ಪಿನ್ನು ಬಗ್ಗಿಸಿರುತ್ತಾರೆ. ತುಕ್ಕು ಹಿಡಿದ ಪಿನ್ನಿಗೆ ಸುತ್ತಿಗೆ ಎತ್ತಬೇಡಿ, ಸೀಮೆಎಣ್ಣೆ ಕುಡಿಸಿ ಕಾಯಿರಿ. ನಾನಂತೂ ಆಸೆಯಿಂದ ವಾರದಿಂದಲೇ ದಿನವೂ ಕುಡಿಸುತ್ತಿದ್ದೆ. ಹಾಗಾಗಿ ಹಳೆಯವು ಸಲೀಸಾಗಿ ಕೈಗೆ ಬಂದವು. ಒಂದನ್ನು ಎಳೆದು ನೋಡಿದರೆ ಸೈಕಲ್ ಪಂಪಿನಷ್ಟೂ ಬಿಗಿಯಿಲ್ಲ. ಕುಸುಬಿ ಎಣ್ಣೆಯದಂತೂ ಎಷ್ಟು ಜಗ್ಗಿದರೂ ಅಲುಗಲಿಲ್ಲ.

ಹೊಸ ಶಾಕಬ್ಸರನ್ನು ಪೆಟ್ಟಿಗೆಯಿಂದ ತೆಗೆದು ಹಾಗೇ ಹಾಕಬಾರದು. ಮಲಗಿ ಬಂದದ್ದರೊಳಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ಎಳೆದು ಒತ್ತಿ, ಎಳೆದು ಒತ್ತಿ, ಆ ಗಾಳಿಯನ್ನು ಹೊರಡಿಸಬೇಕು. ನನ್ನ ಹೆಂಡತಿ ನಾಗಮ್ಮ ಇದನ್ನು ನೋಡಿ, ಸರೀರಿ ಆಕಡೆ ಎಂದು ತಾನೇ ಕೈಹಾಕಿದಳು. ಮಜ್ಜಿಗೆ ಕಡೆದ ಕೈ. ಮೊದಲು ನಡುನಡುವೆ ಸಡಿಲವಿದ್ದದ್ದು ಬರಬರುತ್ತ ಒಂದೇ ಸಮ ಬಿಗಿಯಾಯಿತು. ನನ್ನ ಜೊತೆಗೇ ಬಂದು ಅಂಗಳದ ಹೊರಸು ಮಂಚದ ಮೇಲೆ ಕುಳಿತಿದ್ದ ಸಾಹೇಬರು ತಾವೂ ಒಂದನ್ನು ಎತ್ತಿಕೊಂಡು ಮಕ್ಕಳ ಹಾಗೆ ಎಳೆದೆಳೆದು ನೋಡಿದರು. ಒತ್ತುವಾಗ ಹಗುರ, ಎಳೆಯುವಾಗ ಗಟ್ಟಿ, ಯಾಕೆ ಎಂದು ಕೇಳಿದರು. ಕಲ್ಲು ಬಂದಾಗ ಚಕ್ರಕ್ಕೆ ಏಳಲು ಬಿಡಬೇಕು, ಇಳಿಯುವಾಗ ಹಿಡಿಯಬೇಕು, ಅದಕ್ಕೆ ಎಂದೆ. ಅವರ ಮುಖ ಅರಳಿದ್ದನ್ನು ನೋಡಿ ನನಗೆ ಶಾಕಬ್ಸರನ್ನು ನಾನೇ ಕಂಡುಹಿಡಿದಷ್ಟು ಹೆಮ್ಮೆಯಾಯಿತು.

ಹೆಮ್ಮೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಣ್ಣಿಗೂ ಗೂಟಕ್ಕೂ ನಡುವೆ ರಬ್ಬರಿನ ಬುಷ್ ಇರಬೇಕು, ಇಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದು ಎರಡೂ ಹಾಳು. ಪೆಟ್ಟಿಗೆಯನ್ನು ಬೋರಲು ಹಾಕಿ ಕೊಡವಿದೆ, ಹುಲ್ಲು ಉದುರಿತೇ ಹೊರತು ಬುಷ್ ಇಲ್ಲ. ಹಳೆಯ ಬುಷ್‌ಗಳು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ಸಾಹೇಬರು ತಲೆಯ ಮೇಲೆ ಕೈಹೊತ್ತು ಕುಳಿತರು. ನಾನು ಸುತ್ತ ಕಣ್ಣಾಡಿಸಿದೆ. ಹೊಸ್ತಿಲ ಬಳಿ ನನ್ನ ಹಳೆಯ ಚಪ್ಪಲಿ ಬಿದ್ದಿದ್ದವು, ಎಮ್ಮೆ ಚರ್ಮದ ದಪ್ಪ ಅಟ್ಟೆಯವು. ಎತ್ತಿಕೊಂಡು ನೋಡಿದೆ, ಬಗ್ಗಿಸಿದೆ, ಹಿಗ್ಗಿದೆ!

ಓಣಿಯ ಚಪ್ಪಲಿ ಹೊಲಿಯುವವನ ಉಳಿ ತಂದು ಅಟ್ಟೆಯಿಂದ ಉಂಗುರ ಉಂಗುರ ಕತ್ತರಿಸಿದೆವು. ನಾಗಮ್ಮ ಅವನ್ನು ಹರಳೆಣ್ಣೆಯಲ್ಲಿ ನೆನೆಹಾಕಿದಳು. ಕುಸುಬಿಯ ಕಥೆ ಅವಳಿಗೆ ಗೊತ್ತಿತ್ತು. ಹರಳೆಣ್ಣೆ ಒಣಗುವುದಿಲ್ಲ, ಬಂಡಿಯ ಕೀಲಿಗೂ ಅದನ್ನೇ ಹಾಕುತ್ತಾರೆ. ನನ್ನ ಎರಡೂ ಚಪ್ಪಲಿ ಮುಗಿದ ಮೇಲೆ ಅವಳು ತನ್ನದನ್ನೂ ತಂದಿಟ್ಟು ಇನ್ನಷ್ಟು ಕತ್ತರಿಸಲು ಹೇಳಿದಳು. ಬೇಕಾದಷ್ಟು ಆಗಿವೆ ಎಂದೆ.

"ಚರ್ಮ ಅಲ್ಲೇನ್ರಿ, ಹರೀತದ. ಇರಲಿ ನಾಕು ಹೆಚ್ಚಿಗಿ," ಎಂದಳು.

ಹೊತ್ತು ಮುಳುಗುವ ಮೊದಲು ನಾಲ್ಕೂ ಕೂತವು. ನಾನು ಕೆಳಗಿನಿಂದ ಎದ್ದು ಬಂದು ಬಂಪರಿಗೆ ಕೈಯಿಟ್ಟು ಒತ್ತಿ ಬಿಟ್ಟೆ. ಜೀಪು ಒಮ್ಮೆ ಕುಳಿತಿತು. ಎದ್ದಿತು. ನಿಂತಿತು. ಉಸ್ತಾದರು ಇರಬೇಕಿತ್ತು ಅನ್ನಿಸಿತು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಸಾಹೇಬರು, ಭೀಮಣ್ಣ, ನಾನು ಯಾದಗಿರಿ ದಾರಿ ಹಿಡಿದೆವು. ರೈಲಿನಿಂದ ಇಳಿದ ಗಡಿಗೆಗಳನ್ನು ಜೀಪಿನಲ್ಲಿ ಹುಲ್ಲಿನ ಮೇಲೆ ಒತ್ತೊತ್ತಾಗಿ ಇಟ್ಟು, ನಡುವೆ ಗೋಣಿತಾಟು ತುರುಕಿ, ಬಾಯಿಗೆ ಒದ್ದೆ ಬಟ್ಟೆ ಹೊದಿಸಿದೆವು. ಭೀಮಣ್ಣ ಹಿಂದೆ ಗಡಿಗೆಗಳ ನಡುವೆ ಕುಳಿತ. ಸಾಹೇಬರು ಪ್ರಯಾಣದುದ್ದಕ್ಕೂ ಹೇಳಿದ್ದು ಒಂದೇ, ನೀರು ಅಲುಗಬಾರದು. ಅಲುಗಲಿಲ್ಲ ನೋಡಿ! ಒಂದೊಂದು ಕಲ್ಲನ್ನೂ ತಪ್ಪಿಸಿ, ಒಂದೊಂದು ತಗ್ಗನ್ನೂ ಸವರಿಕೊಂಡು ಇಳಿಸಿ ಹತ್ತಿಸಿದೆ. ಭೀಮಾ ನದಿ ದಾಟಿದ ಮೇಲೆ ರಸ್ತೆಗೆ ಹೊಸ ಮೊರಂ ಮಣ್ಣು ಹಾಕಿ ಸಮ ಮಾಡಿದ್ದರು. ಜೀಪು ತೇಲಿಕೊಂಡು ಹೋಯಿತು. ನಾನು ಹಾಡು ಗುನುಗುತ್ತಿದ್ದೆ, ಸಾಹೇಬರು ತಾಳ ಹಾಕುತ್ತಿದ್ದರು. ಶಹಾಪುರದ ಗುಡ್ಡ ಕಂಡಾಗ ಗೆದ್ದೆವು ಅಂದುಕೊಂಡೆ.

ಊರಾಚೆ ಬೇವಿನ ಮರದ ಕೆಳಗೆ ನಿಲ್ಲಿಸಿ ಬಟ್ಟೆ ಎತ್ತಿ ನೋಡಿದೆವು. ಮರಿಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕೆಲವು ಆಗಲೇ ಹೊಟ್ಟೆ ಮೇಲೆ ಮಾಡಿದ್ದವು. ಒಂದು ಹನಿ ನೀರು ಚೆಲ್ಲಿಲ್ಲ, ಒಂದು ಗಡಿಗೆ ಬಿರುಕು ಬಿಟ್ಟಿಲ್ಲ, ಆದರೂ ಸಾಯುತ್ತಿವೆ. ದಾರಿಯ ಆಯಾಸ ಇರಬಹುದು, ಸ್ವಲ್ಪ ಹೊತ್ತು ನೆರಳಲ್ಲಿ ಅಲುಗಾಡದಂತೆ ಬಿಡೋಣ ಎಂದರು ಸಾಹೇಬರು. ಬಿಟ್ಟೆವು. ಇನ್ನಷ್ಟು ಹೊಟ್ಟೆ ಮೇಲಾದವು. ಭೀಮಣ್ಣ ಗಡಿಗೆಯ ಅಂಚು ಹಿಡಿದು ಕಲ್ಲಾಗಿ ಕುಳಿತಿದ್ದ. ಅವನ ಕೆರೆ ಅವನ ಕಣ್ಣೆದುರೇ ಹರಾಜಿಗೆ ಹೋಗುತ್ತಿತ್ತು.

ಆಮೇಲೆ ಅವನು ನಿಧಾನವಾಗಿ, ತನಗೇ ಹೇಳಿಕೊಳ್ಳುವಂತೆ ಮಾತಾಡಿದ.

"ಹೋದ ಸಲ ನನ್ನ ತೊಡಿ ಮ್ಯಾಲಿನ ಗಡಿಗಿ ದಾರಿ ತುಂಬ ಕುಣಕೋತ ಬಂದಿತ್ತಲ್ರಿ. ಅದರಾಗಿನ ಮರಿ ಒಂದೂ ಸತ್ತಿದ್ದಿಲ್ಲ."

ಸಾಹೇಬರು ಹಣೆ ಬಡಿದುಕೊಂಡರು. ನೀರು ಕದಡಿದರೆ ತಾನೇ ಅದರೊಳಗೆ ಗಾಳಿ ಸೇರುವುದು ಎಂದರು. ನಾನು ಶಾಕಬ್ಸರಿನೊಳಗಿನ ಗಾಳಿ ಹೊರಡಿಸಿ ಬಂದಿದ್ದೆ, ಮರಿಗಳಿಗೆ ಬೇಕಾದ ಗಾಳಿಯನ್ನೂ ತಡೆದುಬಿಟ್ಟಿದ್ದೆ. ಮೊದಲ ಸಲ ಕೊಂದದ್ದು ಅಲುಗಾಟವಲ್ಲ, ಒಡೆದ ಗಡಿಗೆ.

ಆ ಗಳಿಗೆಯಲ್ಲಿ ನನಗೆ ಬಂದ ಹುರುಪು ಮತ್ತೆ ನೌಕರಿಯಲ್ಲಿ ಎಂದೂ ಬರಲಿಲ್ಲ. ಹೊಸ ರಸ್ತೆಯ ಪಕ್ಕದಲ್ಲೇ ಸುರಪುರಕ್ಕೆ ಹೋಗುವ ಹಳೆಯ ಬಂಡಿದಾರಿ ಇತ್ತು, ಬರೀ ಕಲ್ಲು, ಕೊರಕಲು. ಅದನ್ನು ಕೈಯೆತ್ತಿ ತೋರಿಸಿದೆ.

"ಅಲ್ಲಿ ಹೋದರೆ ಗಡಿಗೆ ಒಡೆಯಲ್ವಾ ಶರಣಪ್ಪನವರೇ?" ಎಂದರು ಸಾಹೇಬರು.

"ಕುಣೀತಾವ್ರಿ, ಹಾರಂಗಿಲ್ಲ," ಎಂದೆ. "ನಿನ್ನಿ ನೀವೇ ಎಳದು ನೋಡೀರಿ."

ಅವರು ಒಂದು ಕ್ಷಣ ನನ್ನನ್ನು ನೋಡಿ, ಮುಂದಿನ ಸೀಟು ಬಿಟ್ಟು, ಬಿಳಿ ಪ್ಯಾಂಟಿನಲ್ಲೇ ಹಿಂದೆ ಹತ್ತಿ ಗಡಿಗೆಗಳ ನಡುವೆ ಕುಳಿತರು. ನಾನು ಸ್ಟಿಯರಿಂಗ್ ತಿರುಗಿಸಿ ರಸ್ತೆಯಿಂದ ಇಳಿಸಿಬಿಟ್ಟೆ. ಅಷ್ಟು ಹೊತ್ತು ತಪ್ಪಿಸಿದ್ದ ಕಲ್ಲುಗಳನ್ನೆಲ್ಲ ಈಗ ಹುಡುಕಿ ಹುಡುಕಿ ಹತ್ತಿಸಿದೆ. ಚಕ್ರ ಏಳುತ್ತದೆ, ಮೈ ತಗ್ಗುತ್ತದೆ, ಮತ್ತೆ ಸಮಕ್ಕೆ ಬಂದು ನಿಲ್ಲುತ್ತದೆ. ನೀರು ಗಡಿಗೆಯ ಕೊರಳಿಗೆ ಬಂದು ಫಳ್ ಅಂತ ಬಡಿದು ಮರಳುತ್ತಿತ್ತು, ಚೆಲ್ಲುತ್ತಿರಲಿಲ್ಲ. ಅವರಿಬ್ಬರೂ ಗಡಿಗೆಗಳ ಕೊರಳು ಹಿಡಿದು ತೂಗುತ್ತಿದ್ದರು. ಹಿಂದಿನಿಂದ ಸಾಹೇಬರ ಧ್ವನಿ ಕೇಳಿತು, ಮರಿಗಳು ಕೆಳಗಿಳೀತಿವೆ ಶರಣಪ್ಪ, ಕೆಳಗಿಳೀತಿವೆ. ಅವರ ಬಾಯಿಂದ 'ನವರೇ' ಅವತ್ತು ಉದುರಿತು, ಮತ್ತೆ ಬರಲಿಲ್ಲ. ನನಗೆ ಅದು ಎಷ್ಟು ಹಿತವಾಯಿತೆಂದು ಹೇಳಲಾರೆ.

ರಂಗಂಪೇಟೆ ಇನ್ನು ಕೂಗಳತೆಯಲ್ಲಿದೆ ಎನ್ನುವಾಗ ಹಿಂದಿನ ಬಲಗಡೆಯಿಂದ ಟಕ್, ಟಕ್ ಎಂದು ಸಪ್ಪಳ ಶುರುವಾಯಿತು. ಕಬ್ಬಿಣಕ್ಕೆ ಕಬ್ಬಿಣ. ಚರ್ಮದ ಉಂಗುರ ಹರಿದಿತ್ತು. ಇನ್ನು ನಾಲ್ಕು ಕಲ್ಲು ಹತ್ತಿಸಿದರೆ ಶಾಕಬ್ಸರೇ ಕಳಚಿ, ಆ ಮೂಲೆ ಮತ್ತೆ ಹಾರಲು ಶುರು ಮಾಡುತ್ತದೆ. ಹೆಜ್ಜೆಹೆಜ್ಜೆಗೆ ಮುದ್ದಿಸುತ್ತ ಮನೆಯ ಮುಂದೆ ತಂದು ನಿಲ್ಲಿಸಿದೆ. ನಾಗಮ್ಮ ಸಪ್ಪಳ ಕೇಳಿಯೇ ಹೊರಗೆ ಬಂದಿದ್ದಳು. ಕೈಯಲ್ಲಿ ಹರಳೆಣ್ಣೆಯ ಬಟ್ಟಲು, ಅದರಲ್ಲಿ ನಾಲ್ಕು ಉಂಗುರ, ಅವಳ ಚಪ್ಪಲಿಯವು. ಬಟ್ಟಲು ಕೊಟ್ಟು, ಗಡಿಗೆ ತೂಗಲು ತಾನೂ ಕೈಕೊಟ್ಟಳು. ನಾನು ಕೆಳಗೆ ನುಸುಳಿ, ಪಿನ್ನು ನೆಟ್ಟಗೆ ಮಾಡಿ ಕಿತ್ತು, ಉಂಗುರ ತುರುಕಿ, ಮತ್ತೆ ಬಗ್ಗಿಸಿ ಮೇಲೆ ಬಂದೆ. ಎಲ್ಲ ಮುಗಿದು ಎಂಜಿನ್ ಹೊತ್ತಿಸುವಾಗ ಮಾತ್ರ ಅವಳು ಒಂದು ಮಾತು ಕೇಳಿದಳು.

"ಛಲೋ ರಸ್ತಾ ಬಿಟ್ಟು ಕಲ್ಲಾಗ ಯಾಕ ಬರಾಕತ್ತೀರಿ?"

ಸಂಜೆ ಹೇಳುತ್ತೇನೆಂದು ಹೇಳಿ ಗಾಡಿ ಬಿಟ್ಟೆ.

ಬೋನಾಳದ ಕೆರೆ ದಂಡೆಯಲ್ಲಿ ಅಂಬಿಗರ ಮನೆಗಳವರೆಲ್ಲ ನೆರೆದಿದ್ದರು. ಗಡಿಗೆಗಳನ್ನು ಮೊದಲು ಕೆರೆಯ ನೀರಿನಲ್ಲಿ ತೇಲಿಬಿಟ್ಟು ಕಾದೆವು, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬರಲೆಂದು. ಆಮೇಲೆ ಭೀಮಣ್ಣ ಒಂದೊಂದನ್ನೇ ಓರೆ ಮಾಡಿದ. ಮರಿಗಳು ಗಡಿಗೆಯ ಬಾಯಲ್ಲಿ ಕ್ಷಣ ನಿಂತು, ಆಮೇಲೆ ಕೆರೆಯೊಳಗೆ ಹರಿದುಹೋದವು. ಶಹಾಪುರದಲ್ಲಿ ಹೊಟ್ಟೆ ಮೇಲೆ ಮಾಡಿದ್ದವು ಹೋದವು, ಉಳಿದವೆಲ್ಲ ಬದುಕಿದ್ದವು. ಸಾಹೇಬರ ಬಿಳಿ ಪ್ಯಾಂಟು ಸೊಂಟದವರೆಗೆ ಕೆಸರು. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಭೀಮಣ್ಣ ಮಾತ್ರ ನಗಲಿಲ್ಲ. ಬಲೆಗೆ ಬಿದ್ದ ಮೇಲೆ ನಗುತ್ತೇನೆ ಎಂದ.

ಈಗ ಎಲ್ಲ ಬದಲಾಗಿದೆ. ಶಾಕಬ್ಸರ್ ಬುಷ್ ಸಮೇತ ಡಬ್ಬಿಯಲ್ಲಿ ಬರುತ್ತದೆ, ಗ್ಯಾರೇಜಿಗೆ ಬಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಮೀನಮರಿಗಳೂ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆಯಂತೆ. ಒಳ್ಳೆಯದೇ. ಆದರೂ ಬುಷ್ ಇಲ್ಲದ ದಿನ ಬಂದರೆ ಮನೆಯ ಹೊಸ್ತಿಲ ಬಳಿ ಒಮ್ಮೆ ನೋಡಿ.

ಆ ಮರಿಗಳು ಬೆಳೆದು ಬಲೆ ಬೀಸುವ ದಿನ ಬಂದಾಗ ನಾನು ಬೋನಾಳದಲ್ಲಿ ಇರಲಿಲ್ಲ. ಮೇಲಿನವರನ್ನು ಕರೆದುಕೊಂಡು ಬರಲು ಬೇರೆ ಗಾಡಿ ಹೋಗಿತ್ತು. ನಾನು ರಂಗಂಪೇಟೆಯ ಅಂಗಳದಲ್ಲಿ ಸುಮ್ಮನೆ ಜೀಪಿನ ಸುತ್ತ ತಿರುಗುತ್ತಿದ್ದೆ, ಊಟ ಸೇರಿರಲಿಲ್ಲ. ಸಂಜೆಯ ಮುಂದೆ ಭೀಮಣ್ಣ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದು ಬಂದ. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಸೀದಾ ಜೀಪಿನ ಮುಂದೆ ಹೋಗಿ, ಎರಡೂ ಕೈ ಬಂಪರಿನ ಮೇಲಿಟ್ಟು ಒತ್ತಿ ಬಿಟ್ಟ. ಜೀಪು ಕುಳಿತು, ಎದ್ದು, ನಿಂತಿತು.

"ಕೆರಿ ನಮಗ ಬಿಟ್ಟಾರ್ರಿ," ಎಂದ. ಆಮೇಲೆ ನಕ್ಕ.

ನಾಗಮ್ಮ ಬುಟ್ಟಿಯ ಬಟ್ಟೆ ಸರಿಸಿದಳು, ಮೊಳದುದ್ದದ ಮೀನು. ಯಾರಿಗೂ ತೆರೆದು ತೋರಿಸದೆ ಅಲ್ಲಿಂದ ಇಲ್ಲಿಯವರೆಗೆ ಬಂದ ಬುಟ್ಟಿ. ಭೀಮಣ್ಣ ಹೋದ ಮೇಲೆ ನಾನು ದಿನದಂತೆ ಗಾಡಿ ತೊಳೆಯಲು ಕೊಡ ತುಂಬಿಕೊಂಡು ಬಂದೆ. ಬಂಪರಿನ ಮೇಲೆ ಅವನ ಎರಡು ಅಂಗೈ ಗುರುತಿದ್ದವು, ಒದ್ದೆ ಆರಿ ಮೀನಿನ ಹುರುಪೆ ಅಂಟಿಕೊಂಡು ಇಳಿಬಿಸಿಲಿಗೆ ಹೊಳೆಯುತ್ತಿದ್ದವು. ಕೊಡದ ನೀರನ್ನು ಅಂಗಳದ ಗಿಡಕ್ಕೆ ಹಾಕಿದೆ. ಅವತ್ತು ನಾನು ಜೀಪು ತೊಳೆಯಲಿಲ್ಲ.